ರಂಗಪ್ಪನವರ ಅಂಗಿಯೂ ನನ್ನ ಸ್ನಾತಕೋತ್ತರ ಅರ್ಜಿಯೂ

ನಿವೃತ್ತಿಯಾದ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರಲ್ಲಿ ಎರಡು ಬಗೆ. ಒಂದು, ಮಂಡಿನೋವಿಗೆ ಎಣ್ಣೆ ಕೇಳುವವರು. ನಾನು ಎಣ್ಣೆ ಕೊಡುವವಳಲ್ಲ ಎಂದು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಅವರು ಮೂವತ್ತು ವರ್ಷದಿಂದ ಕೇಳುತ್ತಿದ್ದಾರೆ. ಇನ್ನೊಂದು, ಆಕ್ಯುಪೇಷನಲ್ ಥೆರಪಿಯಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವ ಮಕ್ಕಳು. ಇವರು ಅರ್ಜಿಯ ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಬರುತ್ತಾರೆ. ಕೈಯಲ್ಲಿ ಒಂದು ಹಾಳೆ ಇರುತ್ತದೆ. ಈ ಪದವಿ ಯಾಕೆ ಬೇಕು ಎಂದು ಕಾಲೇಜಿನವರು ಕೇಳಿರುತ್ತಾರೆ, ಅದಕ್ಕೆ ಇವರು ಬರೆದ ಉತ್ತರ ಅದು. ಈ ವರ್ಷ ಬಂದ ಐದು ಹಾಳೆಗಳಲ್ಲಿ ನಾಲ್ಕು ಹಾಳೆ "ಬಾಲ್ಯದಿಂದಲೂ ನನಗೆ ಜನಸೇವೆಯಲ್ಲಿ ಅಪಾರ ಆಸಕ್ತಿ" ಎಂದೇ ಶುರುವಾಗಿದ್ದವು. ಬಾಲ್ಯದಲ್ಲಿ ಉಂಡ ತಟ್ಟೆ ಎತ್ತಿಟ್ಟಿದ್ದೀಯೇನಮ್ಮ ಎಂದು ಒಬ್ಬಳನ್ನು ಕೇಳಿದೆ. ಜೊತೆಗೆ ಬಂದಿದ್ದ ಅವಳ ತಾಯಿ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು.

ಇವರೆಲ್ಲರಿಗೂ ಒಂದೊಂದೇ ಸಲ ಹೇಳಿ ಗಂಟಲು ಒಣಗಿದೆ. ಆದ್ದರಿಂದ ಬರೆದಿಡುತ್ತಿದ್ದೇನೆ. ನಾನೂ ಅಂಥದ್ದೊಂದು ಅರ್ಜಿ ಹಾಕಿದ್ದೆ, ಅದೂ ಐವತ್ತೆರಡನೆಯ ವಯಸ್ಸಿನಲ್ಲಿ. ಅದರ ಕಥೆ ಹೇಳುವ ಮೊದಲು ಈ ಕೆಲಸ ಏನೆಂದು ಹೇಳಬೇಕು, ಯಾಕೆಂದರೆ ನನ್ನ ಗಂಡನಿಗೇ ಅದು ಸರಿಯಾಗಿ ಗೊತ್ತಾಗಿದ್ದು ಮದುವೆಯಾಗಿ ಎಂಟು ವರ್ಷದ ಮೇಲೆ.

ಲಕ್ವ ಹೊಡೆದವರು, ಯಂತ್ರಕ್ಕೆ ಬೆರಳು ಕೊಟ್ಟವರು, ಬಿದ್ದು ಸೊಂಟ ಮುರಿದುಕೊಂಡವರು ಬದುಕಿ ಉಳಿಯುತ್ತಾರೆ. ಉಳಿಸುವುದು ಡಾಕ್ಟರ ಕೆಲಸ. ಉಳಿದವರು ಮತ್ತೆ ತಮ್ಮ ಕೈಯಿಂದಲೇ ಉಣ್ಣಬೇಕು, ಉಡಬೇಕು, ತಲೆ ಬಾಚಿಕೊಳ್ಳಬೇಕು, ಸಾಧ್ಯವಾದರೆ ಮೊದಲಿನ ಕಸುಬಿಗೂ ಹೋಗಬೇಕು. ಅದನ್ನು ಕಲಿಸುವುದು ನಮ್ಮ ಕೆಲಸ. ಕೇಳಲು ಸುಲಭ. ಆದರೆ ನಮ್ಮ ಕಡೆ ಕಾಯಿಲೆ ಬಿದ್ದವರ ಮೇಲೆ ಪ್ರೀತಿ ಇದೆ ಎಂದು ತೋರಿಸುವ ದಾರಿ ಒಂದೇ, ಅವರಿಗೆ ಒಂದು ಕೆಲಸವನ್ನೂ ಮಾಡಲು ಬಿಡದಿರುವುದು. ತುತ್ತು ಮಾಡಿ ಬಾಯಿಗೆ ಇಡುವ ಸೊಸೆ ಒಳ್ಳೆಯವಳು. ಅವರೇ ಉಣ್ಣಲಿ ಎಂದು ಕೈ ಕಟ್ಟಿ ನಿಂತ ಸೊಸೆಯ ಬಗ್ಗೆ ಕೇರಿಯೆಲ್ಲ ಮಾತಾಡುತ್ತದೆ. ನಾನು ಆ ಎರಡನೆಯ ಸೊಸೆಯನ್ನು ತಯಾರು ಮಾಡುವವಳು. ಎಷ್ಟು ಮನೆಗಳಲ್ಲಿ ನನಗೆ ಶಾಪ ಹಾಕಿದ್ದಾರೋ ಲೆಕ್ಕವಿಲ್ಲ.

ಕಾಲೇಜು ಮುಗಿಸಿ ಶಿವಮೊಗ್ಗದ ಒಂದು ಟ್ರಸ್ಟ್ ಆಸ್ಪತ್ರೆಗೆ ಸೇರಿದಾಗ ನನ್ನ ಹತ್ತಿರ ಒಂದು ಸೂಟ್‌ಕೇಸಿನ ತುಂಬಾ ಸಾಮಾನಿತ್ತು. ಗುಂಡಿ ಹಾಕಿ ತೆಗೆಯುವ ಹಲಗೆ, ಜಿಪ್ ಎಳೆಯುವ ಹಲಗೆ, ಬಣ್ಣದ ಮಣಿ, ಮತ್ತು ಸೋತ ಕೈಯವರು ಹಿಡಿಯಲು ದಪ್ಪ ಹಿಡಿಯ ಚಮಚ, ಫೋರ್ಕು. ಮೊದಲ ರೋಗಿ ಕುಂಸಿಯ ಕಡೆಯ ರೈತರು, ಅರವತ್ತು ದಾಟಿದವರು. ಅವರ ಕೈಗೆ ಫೋರ್ಕು ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಯಾವ ಬೆಳೆಗೆ ತಾಯಿ ಎಂದು ಕೇಳಿದರು. ಊಟಕ್ಕೆ ಎಂದೆ. ಮಧ್ಯಾಹ್ನ ಮನೆಯಿಂದ ಬಂದ ಡಬ್ಬಿಯಲ್ಲಿ ಮುದ್ದೆ ಇತ್ತು. ಅವರು ವಿಧೇಯರಾಗಿ ಮುದ್ದೆಗೆ ಫೋರ್ಕು ಚುಚ್ಚಿ ಎತ್ತಿದರು. ಇಡೀ ಮುದ್ದೆ ಐಸ್‌ಕ್ಯಾಂಡಿಯ ಹಾಗೆ ಮೇಲೆದ್ದಿತು. ಅದನ್ನು ಯಾವ ಕಡೆಯಿಂದ ಕಚ್ಚಬೇಕೆಂದು ಅವರು ನನ್ನನ್ನು ಕೇಳಿದರು, ನನಗೂ ಗೊತ್ತಿರಲಿಲ್ಲ. ಆ ಸೂಟ್‌ಕೇಸನ್ನು ಅವತ್ತೇ ಮಂಚದ ಕೆಳಗೆ ತಳ್ಳಿದೆ.

ಆಮೇಲೆ ಕಾಲ ಬದಲಾಯಿತು. ಮಣಿ ಪೋಣಿಸುವುದು, ಜೇಡಿಮಣ್ಣು ಮಿದಿಯುವುದು ಹೋಗಿ ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಗಳು ಬಂದವು. ಹಾಳೆಯನ್ನು ಬಿಸಿನೀರಿಗೆ ಹಾಕಿ ತೆಗೆದು, ರೋಗಿಯ ಕೈಯ ಮೇಲೆ ಒತ್ತಿದರೆ ಅದೇ ಆಕಾರಕ್ಕೆ ಗಟ್ಟಿಯಾಗಿ ಕೈಗೆ ಆಸರೆಯಾಗುತ್ತದೆ. ಹಾಳೆ ತರಿಸಿಕೊಟ್ಟ ಆಡಳಿತದವರು ನೀರು ಕಾಯಿಸುವ ಯಂತ್ರ ತರಿಸಲಿಲ್ಲ. ನಾನು ಕ್ಯಾಂಟೀನಿಗೆ ಹೋಗಿ ಭಟ್ಟರ ಇಡ್ಲಿ ಪಾತ್ರೆಯಲ್ಲಿ, ಅವರು ತರಕಾರಿಗೆ ಹೋದ ಹೊತ್ತು ನೋಡಿ, ಹಾಳೆ ಇಟ್ಟು ಬಂದೆ. ಅಷ್ಟರಲ್ಲಿ ಒಬ್ಬರು ರೋಗಿ ಬಂದರು, ಮಾತಿಗೆ ಮಾತು ಬೆಳೆಯಿತು, ಹಾಳೆ ಮರೆತೇಹೋಯಿತು. ನೆನಪಾಗಿ ಓಡುವಷ್ಟರಲ್ಲಿ ಅದು ಕರಗಿ ಆರು ಇಡ್ಲಿ ಗುಳಿಗಳಿಗೆ ಅಂಟಿಕೊಂಡಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ, ನನ್ನದು ಇಡ್ಲಿಗೆ ಹೋಯಿತು. ಭಟ್ಟರು ಎರಡು ವರ್ಷ ನನಗೆ ಚಟ್ನಿ ಬಡಿಸುವಾಗ ಸೌಟು ಅರ್ಧವೇ ತುಂಬುತ್ತಿದ್ದರು. ಕೊನೆಗೆ ಅವರ ಹೆಬ್ಬೆರಳಿನ ಬುಡಕ್ಕೇ ನೋವು ಬಂದು ನಾನು ಒಂದು ಆಸರೆ ಮಾಡಿಕೊಟ್ಟ ಮೇಲೆ ಸೌಟು ತುಂಬಿತು.

ನಮ್ಮ ಆಸ್ಪತ್ರೆಯ ಮುಖ್ಯಸ್ಥರು ಡಾ. ಸದಾನಂದ. ಒಳ್ಳೆಯ ಶಸ್ತ್ರಚಿಕಿತ್ಸಕರು, ಒಳ್ಳೆಯ ಮನುಷ್ಯರು. ಆದರೆ ನನ್ನ ವಿಭಾಗವನ್ನು ಅವರು ಕೊನೆಯವರೆಗೂ "ಆಟದ ಮನೆ" ಎಂದೇ ಕರೆದರು. ಅತಿಥಿಗಳು ಬಂದರೆ ಎಲ್ಲ ವಿಭಾಗ ತೋರಿಸಿ, ಕೊನೆಗೆ ನನ್ನ ಬಾಗಿಲಲ್ಲಿ ನಿಂತು, ಇವರು ನಮ್ಮ ವಿಶಾಲಾಕ್ಷಿ, ಪೇಷೆಂಟುಗಳಿಗೆ ಟೈಮ್‌ಪಾಸ್ ಮಾಡಿಸುತ್ತಾರೆ ಎಂದು ಪರಿಚಯಿಸುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ನಮಸ್ಕಾರ ಮಾಡುತ್ತಿದ್ದೆ. ಭದ್ರಾವತಿಯ ಕಾರ್ಖಾನೆಯಿಂದ ಬೆರಳು ಕಳೆದುಕೊಂಡು ಬಂದು, ಮೂರು ತಿಂಗಳು ಟೈಮ್‌ಪಾಸ್ ಮಾಡಿ, ಮತ್ತೆ ಅದೇ ಯಂತ್ರದ ಮುಂದೆ ನಿಂತವರ ಪಟ್ಟಿ ನನ್ನ ಮೇಜಿನ ಗಾಜಿನ ಕೆಳಗಿತ್ತು. ಸದಾನಂದರು ಒಂದು ದಿನವೂ ಬಗ್ಗಿ ನೋಡಲಿಲ್ಲ.

ಹೀಗಿರುವಾಗ ಟ್ರಸ್ಟಿನಿಂದ ಒಂದು ಸುತ್ತೋಲೆ ಬಂತು. ಪ್ರತಿ ವಿಭಾಗದಲ್ಲೂ ಸ್ನಾತಕೋತ್ತರ ಪದವಿ ಪಡೆದವರು ಒಬ್ಬರಾದರೂ ಇರಬೇಕು, ಮೂರು ವರ್ಷದೊಳಗೆ ಆಗದಿದ್ದರೆ ಆ ವಿಭಾಗ ಮುಚ್ಚಿ ಜಾಗವನ್ನು ಬೇರೆಯದಕ್ಕೆ ಕೊಡಲಾಗುವುದು. ನನ್ನ ವಿಭಾಗದಲ್ಲಿ ಇದ್ದದ್ದು ನಾನೊಬ್ಬಳೇ, ನನ್ನ ಹತ್ತಿರ ಇದ್ದದ್ದು ಮೊದಲ ಪದವಿ ಮಾತ್ರ. ಹೊರಗಿನಿಂದ ಯಾರನ್ನಾದರೂ ತರೋಣವೆಂದರೆ ಪದವಿ ಪಡೆದವರು ನಮ್ಮೂರಿನ ಸಂಬಳಕ್ಕೆ ಬರುತ್ತಿರಲಿಲ್ಲ. ಸದಾನಂದರು ನನ್ನನ್ನು ಕರೆಸಿ ಬೇಸರದಿಂದಲೇ ಹೇಳಿದರು, ಸ್ಕ್ಯಾನಿಂಗ್‌ನವರು ಆಗಲೇ ರೂಮಿನ ಅಳತೆ ತೆಗೆದುಕೊಂಡು ಹೋಗಿದ್ದಾರೆ ಎಂದು. ನನಗೆ ಬೇರೆ ಕಡೆ ಕುರ್ಚಿ ಹಾಕಿಕೊಡುತ್ತಾರಂತೆ, ನನ್ನ ಸಂಬಳಕ್ಕೇನೂ ತೊಂದರೆಯಿಲ್ಲವಂತೆ. ಆದರೆ ಭದ್ರಾವತಿಯಿಂದ, ಕುಂಸಿಯಿಂದ ಬಸ್ಸು ಹತ್ತಿ ಬರುವ ನನ್ನ ಜನ ಎಲ್ಲಿಗೆ ಹೋಗಬೇಕು? ಆ ಸಿಟ್ಟಿನಲ್ಲೇ ನಾನು ಓದುತ್ತೇನೆ ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನ್ ಓದ್ತೀರಿ?"

"ಮಾಸ್ಟರ್ಸ್, ಸರ್. ಎರಡು ವರ್ಷ. ಈ ವರ್ಷ ಸೇರಿದ್ರೆ ಗಡುವಿನ ಒಳಗೆ ಮುಗಿಯುತ್ತೆ."

"ನಿಮ್ಮ ಮಗಳು ಏನ್ ಓದ್ತಿದ್ದಾಳೆ ಈಗ?"

"ಅವಳೂ ಮಾಸ್ಟರ್ಸೇ," ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು.

ಅರ್ಜಿ ಕರಾವಳಿಯ ಕಡೆಯ ಒಂದು ಕಾಲೇಜಿನದು. ಕಂಪ್ಯೂಟರಿನಲ್ಲಿ ತುಂಬಬೇಕು. ಹುಟ್ಟಿದ ವರ್ಷ ಆರಿಸಿಕೊಳ್ಳಲು ಒಂದು ಪಟ್ಟಿ ಇತ್ತು, ಅದನ್ನು ಕೆಳಗೆ ಎಳೆದೆ, ಎಳೆದೆ, ನನ್ನ ವರ್ಷ ಬರುವ ಮೊದಲೇ ಪಟ್ಟಿ ಮುಗಿಯಿತು. ಕಾಲೇಜಿಗೆ ಫೋನ್ ಮಾಡಿದರೆ ಎತ್ತಿದ ಹುಡುಗ, ಆಂಟಿ, ಅರ್ಜಿ ಹಾಕುವವರಿಗೇ ಕೊಡಿ, ಅವರ ಹತ್ತಿರ ಮಾತಾಡುತ್ತೇನೆ ಎಂದ. ಅವನಿಗೆ ಅರ್ಥ ಮಾಡಿಸಲು ಹತ್ತು ನಿಮಿಷ ಹಿಡಿಯಿತು. ಎರಡು ದಿನದ ಮೇಲೆ ನನ್ನೊಬ್ಬಳಿಗೋಸ್ಕರ ಆ ಪಟ್ಟಿಯನ್ನು ಉದ್ದ ಮಾಡಿದರು.

ಅದು ಮುಗಿಯಿತು ಅಂದರೆ ಇನ್ನೊಂದು. ನಾನು ಯಾರನ್ನೂ ರ‍್ಯಾಗಿಂಗ್ ಮಾಡುವುದಿಲ್ಲ ಎಂದು ನಾನು ಬರೆದುಕೊಡಬೇಕು, ಅವಳು ಮಾಡದಂತೆ ನೋಡಿಕೊಳ್ಳುತ್ತೇನೆ ಎಂದು ತಂದೆಯೋ ತಾಯಿಯೋ ಸಹಿ ಹಾಕಬೇಕು. ಗಂಡನ ಸಹಿ ನಡೆಯುವುದಿಲ್ಲವಂತೆ. ನನ್ನ ಅಮ್ಮನಿಗೆ ಆಗ ಎಪ್ಪತ್ತೇಳು. ಕನ್ನಡಕ ಏರಿಸಿ ಎಲ್ಲವನ್ನೂ ಓದಿಸಿ ಅರ್ಥ ಕೇಳಿದರು. ಆಮೇಲೆ ಸಹಿ ಹಾಕಲು ಹಿಂದೆಮುಂದೆ ನೋಡಿದರು. ನೀನು ಚಿಕ್ಕವಳಿದ್ದಾಗ ತಮ್ಮನ ಜುಟ್ಟು ಹಿಡಿದು ಎಳೆಯುತ್ತಿದ್ದೆ, ಸುಳ್ಳು ಬರೆದುಕೊಡಲು ನನಗೆ ಮನಸ್ಸು ಬರುವುದಿಲ್ಲ ಎಂದರು. ಇನ್ನು ಮೇಲೆ ಎಳೆಯುವುದಿಲ್ಲ ಎಂದು ಅವರಿಗೆ ಭಾಷೆ ಕೊಟ್ಟ ಮೇಲೆ ಸಹಿ ಬಿತ್ತು.

ಕಾಲೇಜಿನ ಗುರುಗಳಿಂದ ಒಂದು ಶಿಫಾರಸು ಪತ್ರ ಬೇಕಿತ್ತು. ನನ್ನ ಗುರುಗಳಲ್ಲಿ ಇಬ್ಬರು ತೀರಿಕೊಂಡಿದ್ದರು, ಉಳಿದ ಒಬ್ಬರಿಗೆ ನನ್ನ ಹೆಸರು ಹೇಳಿದರೆ ನೆನಪಾಗಲಿಲ್ಲ. ಕೊನೆಗೆ ಸದಾನಂದರೇ ಬರೆದುಕೊಟ್ಟರು. ವಿಶಾಲಾಕ್ಷಿಯವರು ಸಮಯಕ್ಕೆ ಸರಿಯಾಗಿ ಬರುತ್ತಾರೆ, ಅವರ ರೋಗಿಗಳು ನಗುನಗುತ್ತ ಇರುತ್ತಾರೆ, ಓದು ಮುಗಿದ ತಕ್ಷಣ ಅವರನ್ನು ನಮಗೆ ವಾಪಸ್ ಕಳಿಸಿಕೊಡಬೇಕಾಗಿ ಕೋರಿಕೆ. ಇಷ್ಟೇ ಪತ್ರ. ಗ್ರಂಥಾಲಯದ ಪುಸ್ತಕವನ್ನು ಕಡ ಕೊಡುವವರು ಹೀಗೇ ಬರೆಯುತ್ತಾರೆ.

ಆ ವರ್ಷ ಅದೇ ಕಾಲೇಜಿಗೆ ಶಾಹೀನಾಳೂ ಅರ್ಜಿ ಹಾಕುತ್ತಿದ್ದಳು. ಭದ್ರಾವತಿ ಹಳೇ ಪೇಟೆಯ ಹುಡುಗಿ. ಹೊರಗಡೆ ಪದವಿ ಓದಿ, ಆರು ತಿಂಗಳು ನನ್ನ ಕೈಕೆಳಗೆ ತರಬೇತಿಗೆ ಬಂದಿದ್ದಳು. ಮಾತು ಕಡಿಮೆ, ಕಣ್ಣು ಜಾಸ್ತಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಬ್ಬರೂ ನನ್ನ ಮೇಜಿನ ಆಚೆ ಈಚೆ ಕೂತು ಅರ್ಜಿ ತುಂಬುತ್ತಿದ್ದೆವು. ಸೀಟು ಇದ್ದದ್ದು ಮೂರೇ. ಅದನ್ನು ಇಬ್ಬರೂ ಬಾಯಿ ಬಿಟ್ಟು ಆಡಲಿಲ್ಲ. ಈ ಪದವಿ ಯಾಕೆ ಬೇಕು ಎಂಬ ಪ್ರಶ್ನೆಗೆ ನಾನು ಎರಡು ಪುಟ ಬರೆದು ಅವಳಿಗೆ ತೋರಿಸಿದೆ. ನಮ್ಮ ದೇಶದ ಪರಂಪರೆಯಿಂದ ಶುರುಮಾಡಿ ಇಡೀ ಮಾನವ ಕುಲವನ್ನು ಮುಟ್ಟಿದ್ದೆ. ಅವಳು ಓದಿ, ಇದರಲ್ಲಿ ಪೇಷೆಂಟೇ ಇಲ್ಲವಲ್ಲ ಮೇಡಂ ಎಂದಳು. ಒಂದು ವಾರ ಅವಳ ಮೇಲೆ ಮುನಿಸಿಕೊಂಡೆ, ಆಮೇಲೆ ಎರಡು ಪುಟವನ್ನೂ ಹರಿದು ಬೇರೆ ಬರೆದೆ.

ಈಗ ಅಸಲು ಕಥೆ. ಕೆಲಸದಲ್ಲಿದ್ದುಕೊಂಡು ಅರ್ಜಿ ಹಾಕುವವರು ಒಬ್ಬ ರೋಗಿಯ ವರದಿಯನ್ನೂ, ಆ ರೋಗಿ ಯಾರ ಸಹಾಯವೂ ಇಲ್ಲದೆ ಒಂದು ಕೆಲಸ ಮಾಡುವ ಹತ್ತು ನಿಮಿಷದ ವಿಡಿಯೋವನ್ನೂ ಕಳಿಸಬೇಕಿತ್ತು. ನಾನು ಆರಿಸಿಕೊಂಡದ್ದು ರಂಗಪ್ಪನವರನ್ನು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು, ನಿವೃತ್ತಿಯಾದ ಎರಡನೆಯ ವರ್ಷ ಲಕ್ವ ಹೊಡೆದು ಬಲಗೈ ಸೋತಿತ್ತು. ಕಾಲು ಪರವಾಗಿಲ್ಲ, ಕೋಲು ಹಿಡಿದು ನಡೆಯುತ್ತಿದ್ದರು. ಅವರಿಗೆ ಆರು ವಾರದಿಂದ ಒಂದೇ ಕೈಯಲ್ಲಿ ಅಂಗಿ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದೆ. ಸೋತ ಕೈ ಮೊದಲು, ಗಟ್ಟಿ ಕೈ ಆಮೇಲೆ, ಗುಂಡಿ ಕೆಳಗಿನಿಂದ ಮೇಲಕ್ಕೆ. ಆಸ್ಪತ್ರೆಯಲ್ಲಿ ಅವರು ಚೆನ್ನಾಗಿ ಹಾಕಿಕೊಳ್ಳುತ್ತಿದ್ದರು. ಆದರೆ ವಿಡಿಯೋ ಮನೆಯಲ್ಲೇ ಆಗಬೇಕೆಂದು ಕಾಲೇಜಿನ ನಿಯಮ. ಅವರೂ ಅವರ ಹೆಂಡತಿ ಜಯಮ್ಮನೂ ಖುಷಿಯಿಂದ ಒಪ್ಪಿದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ, ಅಂಗಿ ಹಾಕಿಕೊಳ್ಳುವುದನ್ನು ವಿಡಿಯೋ ಮಾಡಬೇಕು ಎಂದು ಎರಡೆರಡು ಸಲ ಹೇಳಿ ಬಂದೆ.

ಭಾನುವಾರ ನ್ಯೂ ಟೌನಿನ ಅವರ ಮನೆಗೆ ಹೋದೆ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ರಂಗಪ್ಪನವರು ಕುರ್ಚಿಯಲ್ಲಿ ಮದುಮಗನಾಗಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಯವರೆಗೆ ಗುಂಡಿ, ಜರಿಯಂಚಿನ ಪಂಚೆ, ಹೆಗಲ ಮೇಲೆ ಶಲ್ಯ, ಹಣೆಗೆ ಕುಂಕುಮ. ಮುಖಕ್ಕೆ ಪೌಡರು ಬೇರೆ, ಅದನ್ನು ಪಕ್ಕದ ಮನೆಯ ಸೆಲ್ವಿಯಕ್ಕ ಕೊಟ್ಟಿದ್ದಂತೆ. ವಿಡಿಯೋ ತೆಗೆಯುತ್ತಾರೆ ಎಂದಮೇಲೆ ಮನುಷ್ಯನನ್ನು ಹಳೆಯ ಬನಿಯನ್ನಿನಲ್ಲಿ ಕೂರಿಸುವ ಮನೆ ಭದ್ರಾವತಿಯಲ್ಲಿ ಇಲ್ಲ. ಬೆಳಿಗ್ಗೆ ಏಳಕ್ಕೇ ಎಬ್ಬಿಸಿ, ಸ್ನಾನ ಮಾಡಿಸಿ, ಜಯಮ್ಮನೂ ಸೆಲ್ವಿಯಕ್ಕನೂ ಸೇರಿ ಶೃಂಗಾರ ಮಾಡಿದ್ದರು. ಅವರು ತಾವೇ ಹಾಕಿಕೊಳ್ಳುವುದನ್ನು ತೋರಿಸಬೇಕಲ್ಲವೇ ಎಂದೆ. ಜಯಮ್ಮ ನನ್ನನ್ನೇ ತಿದ್ದಿದರು.

"ಅವರ್ ಹಾಕ್ಕೊಂಡ್ರೆ ಕಾಲರ್ ಸೊಟ್ಟ ಆಗುತ್ತೆ ಮೇಡಂ. ಕಾಲೇಜಿನೋರು ನೋಡೋದಲ್ವಾ, ನಿಮ್ಗೆ ಒಳ್ಳೆ ಮಾರ್ಕ್ಸ್ ಬರ್ಲಿ ಅಂತ ನಾನೇ ನೀಟಾಗಿ ಹಾಕಿದೀನಿ."

ಅಂಗಿ ಬಿಚ್ಚಿಸಿ ಎಂದರೆ ಒಪ್ಪಲು ಅರ್ಧ ಗಂಟೆ ಹಿಡಿಯಿತು. ಕುಂಕುಮ ಇಟ್ಟ ಮೇಲೆ ಬಟ್ಟೆ ಬಿಚ್ಚಬಾರದು ಎಂಬ ಶಾಸ್ತ್ರ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ, ಸೆಲ್ವಿಯಕ್ಕನೂ ಅದನ್ನೇ ತಮಿಳಿನಲ್ಲಿ ಹೇಳಿದರು. ನಡುವೆ ನನಗೆ ಕೇಸರಿಬಾತು, ಉಪ್ಪಿಟ್ಟು, ಬಾಳೆಹಣ್ಣು. ತಿನ್ನದೆ ಕೆಲಸ ಶುರುಮಾಡುವ ಹಾಗಿಲ್ಲ. ಕೊನೆಗೆ ಟೀವಿಯ ಸ್ಟ್ಯಾಂಡಿಗೆ ಫೋನು ಒರಗಿಸಿ, ವಿಡಿಯೋ ಒತ್ತಿ, ಯಾರೂ ಸಹಾಯ ಮಾಡಬಾರದು, ಎಲ್ಲರೂ ದೂರ ನಿಲ್ಲಿ ಎಂದು ಗಟ್ಟಿಯಾಗಿ ಹೇಳಿ ಶುರುಮಾಡಿಸಿದೆ. ರಂಗಪ್ಪನವರು ಸೋತ ಕೈಯನ್ನು ತೋಳಿಗೆ ತೂರಿಸಿದರು, ಗಟ್ಟಿ ಕೈ ಹಾಕಿದರು, ಗುಂಡಿಗಳನ್ನು ಒಂದೊಂದೇ ಹಾಕಿದರು. ಜಯಮ್ಮ ಎರಡು ಸಲ ಮುಂದೆ ಬಂದರು, ಎರಡು ಸಲವೂ ಕಣ್ಣಲ್ಲೇ ಹೆದರಿಸಿ ಹಿಂದೆ ಕಳಿಸಿದೆ. ಮೇಲಿನ ಗುಂಡಿಗೆ ಮೂರು ನಿಮಿಷ ಒದ್ದಾಡಿದರು. ಅಂತೂ ಆಯಿತು. ವಿಡಿಯೋ ನಿಲ್ಲಿಸಿ, ಗೆದ್ದೆ ಎಂದು ಸೋಫಾದ ಮೇಲೆ ಕೂತೆ.

ಆಗ ರಂಗಪ್ಪನವರು ಹಾಕಿಕೊಂಡ ಅಂಗಿಯನ್ನು ಮತ್ತೆ ಬಿಚ್ಚಿ ಕುರ್ಚಿಯ ಮೇಲೆ ಎಸೆದರು.

"ಆರು ವಾರದಿಂದ ನಿಮ್ಮ ಮುಖ ನೋಡ್ಕೊಂಡು ಹಾಕ್ಕೊಂಡೆ ಮೇಡಂ. ನಂಗೆ ಅಂಗಿ ಯಾಕೆ? ಮನೇಲಿ ಬನಿಯನ್ನು, ಹೊರಗೆ ಹೋದ್ರೆ ಇವಳು ಹಾಕ್ತಾಳೆ. ನಿಮ್ಗೆ ಮಾರ್ಕ್ಸ್ ಆಯ್ತಲ್ಲ, ಈಗ ನಂದೊಂದು ಕೆಲಸ ಇದೆ."

ಕೋಲು ಊರಿಕೊಂಡು ನೇರವಾಗಿ ಅಡುಗೆಮನೆಗೆ ಹೋದರು. ಜಯಮ್ಮ ಹಿಂದೆಯೇ ಓಡಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಒಳಗೆ ರಂಗಪ್ಪನವರು ಎಡಗೈಯಲ್ಲಿ ಲೈಟರು ಒತ್ತಿ ಒಲೆ ಹಚ್ಚಿದರು, ಹಾಲಿನ ಪಾತ್ರೆಯನ್ನು ಎಳೆದುಕೊಂಡರು, ಫಿಲ್ಟರಿನ ಮೇಲ್ಭಾಗವನ್ನು ಹೊಟ್ಟೆಗೂ ಕಟ್ಟೆಗೂ ನಡುವೆ ಒತ್ತಿ ಹಿಡಿದು ತಿರುಗಿಸಿದರು. ಯಾವ ಪುಸ್ತಕದಲ್ಲೂ ಇಲ್ಲದ ಉಪಾಯ. ಜಯಮ್ಮ ನನ್ನ ಹೆಗಲ ಮೇಲಿಂದ ಇಣುಕುತ್ತ, ಸುಟ್ಕೊಳ್ತಾರೆ, ಸುಟ್ಕೊಳ್ತಾರೆ ಎಂದು ಜಪ ಮಾಡುತ್ತಿದ್ದರು. ಒಂದೊಂದೇ ಲೋಟ ತಂದು, ಮೊದಲು ಹೆಂಡತಿಗೆ, ಆಮೇಲೆ ನನಗೆ ಕೊಟ್ಟರು. ಆಮೇಲೆ ಹೇಳಿದರು. ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟ್ ಇದ್ದ ದಿನವೆಲ್ಲ ಬೆಳಗಿನ ಜಾವ ಎದ್ದು ತಾವೇ ಕಾಫಿ ಮಾಡಿಕೊಂಡು, ಮಲಗಿದ್ದ ಹೆಂಡತಿಗೆ ಒಂದು ಲೋಟ ಮುಚ್ಚಿಟ್ಟು ಹೋಗುತ್ತಿದ್ದರಂತೆ. ಲಕ್ವ ಹೊಡೆದ ಮೇಲೆ ಅವರನ್ನು ಯಾರೂ ಅಡುಗೆಮನೆಯ ಹೊಸಿಲು ದಾಟಿಸಿರಲಿಲ್ಲ. ಆರು ವಾರ ವಾರಕ್ಕೆ ಮೂರು ಸಲ ಎದುರಿಗೆ ಕೂತಿದ್ದೇನೆ, ನಿಮಗೆ ಏನು ಮಾಡಲು ಆಸೆ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು.

ಕಾಫಿ ಬಾಯಿಗಿಟ್ಟೆ. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಅವರು ಒಳಗೆ ಹೋಗದ ಆ ತಿಂಗಳುಗಳಲ್ಲಿ ಜಯಮ್ಮ ಡಬ್ಬಿಗಳ ಜಾಗ ಬದಲಾಯಿಸಿದ್ದರು. ನಾನು ಜಯಮ್ಮನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆಮೇಲೆ ಅವರು ಒಂದು ಹನಿ ಬಿಡದೆ ಕುಡಿದು, ಲೋಟ ಕೆಳಗಿಟ್ಟು, "ನಾಳೆಯಿಂದ ನೀವೇ ಮಾಡ್ರೀ," ಎಂದರು. ನಾನೂ ಕುಡಿದೆ. ಎಲ್ಲ ಮುಗಿದ ಮೇಲೆ ನೆನಪಾಯಿತು, ಫೋನು ಟೀವಿಯ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಇನ್ನೊಂದು ಸಲ ಮಾಡಿ, ವಿಡಿಯೋ ತೆಗೆಯುತ್ತೇನೆ ಎಂದರೆ ರಂಗಪ್ಪನವರು ಸುತರಾಂ ಒಪ್ಪಲಿಲ್ಲ. ಕಾಫಿ ಕುಡಿದಾಯಿತು, ಇದೇನು ಹೋಟೆಲಾ ಎಂದರು. ನಾನು ಅಂಗಿಯ ವಿಡಿಯೋವನ್ನೇ ಕಳಿಸಿದೆ.

ಸಂದರ್ಶನಕ್ಕೆ ಹೋದೆ. ಹೊರಗೆ ಕೂತಿದ್ದ ಮಕ್ಕಳು ನನ್ನನ್ನು ನೋಡಿ ಎದ್ದು ನಿಂತರು, ಒಬ್ಬಳು ನಾನೇ ಸಂದರ್ಶಕಿ ಎಂದುಕೊಂಡು ಗುಡ್ ಮಾರ್ನಿಂಗ್ ಹೇಳಿದಳು. ಶಾಹೀನಾ ಮಾತ್ರ ತಲೆ ತಗ್ಗಿಸಿ ನಕ್ಕಳು. ಒಳಗೆ ಮೂವರಿದ್ದರು, ಮೂವರೂ ನನಗಿಂತ ಚಿಕ್ಕವರು. ದೊಡ್ಡ ಪರದೆಯ ಮೇಲೆ ನನ್ನ ವಿಡಿಯೋ ಹಾಕಿದರು. ಎಂಟನೆಯ ನಿಮಿಷದಲ್ಲಿ ನಡುವೆ ಕೂತಿದ್ದ ಹೆಣ್ಣುಮಗಳು ಅದನ್ನು ನಿಲ್ಲಿಸಿ, ಇದು ಯಾರ ಕೈ ಎಂದು ಕೇಳಿದರು. ಪರದೆಯ ಎಡಗಡೆಯಿಂದ ಒಂದು ಕೈ ಬಂದು ರಂಗಪ್ಪನವರ ಮೇಲಿನ ಗುಂಡಿಯನ್ನು ಹಾಕಿ, ಕಾಲರನ್ನೂ ಸರಿಮಾಡಿ ಹೋಗಿತ್ತು. ಎರಡು ಹಸಿರು ಬಳೆ, ಒಂದು ವಾಚು. ಕಳಿಸುವ ಮೊದಲು ನಾನು ಅದನ್ನು ಹತ್ತು ಸಲವಾದರೂ ನೋಡಿದ್ದೆ, ರಂಗಪ್ಪನವರ ಕೈಯನ್ನೇ ನೋಡಿದ್ದೆ, ನನ್ನ ಕೈ ನನಗೆ ಕಂಡಿರಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುವುದು ನನ್ನಂಥವರನ್ನು ನೋಡಿಯೇ.

ಬೆವರು ಒರೆಸಿಕೊಂಡು, ನನ್ನದೇ ಎಂದೆ. ಇಪ್ಪತ್ತೆಂಟು ವರ್ಷದಿಂದ ಸಾವಿರ ಮನೆಯವರಿಗೆ ಕೈ ಹಾಕಬೇಡಿ ಎಂದು ಹೇಳಿದ್ದೇನೆ, ಹೇಳುತ್ತ ಹೇಳುತ್ತಲೇ ಹಾಕಿದ್ದೇನೆ ಎಂದೆ. ಆಮೇಲೆ ತಡೆಯಲಾರದೆ ಕಾಫಿಯ ಕಥೆಯನ್ನೂ ಪೂರ್ತಿ ಹೇಳಿದೆ. ಅದಕ್ಕೆ ದಾಖಲೆ ಇದೆಯೇ ಎಂದು ಪಕ್ಕದವರು ಕೇಳಿದರು. ನಾನು ಕುಡಿದಿದ್ದೇನೆ ಸರ್, ಉಪ್ಪು ಹಾಕಿದ್ದರು ಎಂದೆ. ಮೂವರೂ ನಕ್ಕರು. ನಕ್ಕರು ಎಂದರೆ ಸೀಟು ಬಂತು ಎಂದುಕೊಂಡು ಬಸ್ಸು ಹತ್ತಿದೆ.

ಪಟ್ಟಿ ಬಂತು. ಮೊದಲ ಎರಡು ಹೆಸರು ಯಾರದೋ. ಮೂರನೆಯದು ಶಾಹೀನಾ. ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಕಾಯುವವರ ಪಟ್ಟಿ, ಅದರಲ್ಲಿ ಮೊದಲ ಹೆಸರು ನನ್ನದು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಸೀಟು ಹೋಗಿದ್ದಕ್ಕಿಂತ, ಸ್ಕ್ಯಾನಿಂಗ್‌ನವರು ಅಳತೆ ತೆಗೆದ ಆ ರೂಮು ಕಣ್ಣಿಗೆ ಕಟ್ಟಿತು. ಸಂಜೆ ಶಾಹೀನಾ ಫೋನ್ ಮಾಡಿದಳು.

"ಮೇಡಂ, ನಾನು ಸೀಟ್ ಬಿಟ್ಬಿಡ್ತೀನಿ. ಬಿಟ್ರೆ ನಿಮ್ಗೇ ಬರುತ್ತೆ. ನಂಗೇನು, ಮುಂದಿನ ವರ್ಷ ಹಾಕ್ತೀನಿ. ನಿಮ್ಗೆ ಡಿಪಾರ್ಟ್‌ಮೆಂಟ್ ಉಳೀಬೇಕಲ್ವಾ."

ನಿಜ ಹೇಳುತ್ತೇನೆ, ಸರಿ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಅವಳಿಗೆ ಇಪ್ಪತ್ಮೂರು ವರ್ಷ, ಮುಂದಿನ ವರ್ಷವೂ ಇದೆ, ಅದರ ಮುಂದಿನದೂ ಇದೆ. ನನಗೆ ಇದೊಂದೇ. ಬಿಟ್ಟುಕೊಡು ತಾಯಿ ಎನ್ನಬೇಕಿತ್ತು. ಆದರೆ ಸಿಟ್ಟು ಮೊದಲು ಬಂತು. ಯಾರ ಮೇಲಿನ ಸಿಟ್ಟು ಎಂದು ಇವತ್ತಿಗೂ ಹೇಳಲಾರೆ.

"ಶಾಹೀನಾ, ನಾನು ನಿನ್ನ ಪೇಷೆಂಟಲ್ಲ. ಪೇಷೆಂಟಾಗಿದ್ರೂ ಇದನ್ನ ನೀನು ಮಾಡೋ ಹಾಗಿರಲಿಲ್ಲ. ನಾಳೆ ಬೆಳಿಗ್ಗೆ ಹೋಗಿ ಸೇರ್ಕೋ."

ಫೋನ್ ಇಟ್ಟ ಮೇಲೆ ಮತ್ತೆ ಅತ್ತೆ. ಮರುದಿನ ಸದಾನಂದರಿಗೆ ಹೇಳಿದೆ. ಅವರು ಗಡುವು ಮುಗಿಯುವವರೆಗೆ ಸ್ಕ್ಯಾನಿಂಗ್‌ನವರನ್ನು ತಡೆದು ಹಿಡಿದರು. ಆಟದ ಮನೆ ಎಂದು ಕರೆದದ್ದನ್ನೆಲ್ಲ ಅವತ್ತು ನಾನು ಕ್ಷಮಿಸಿದೆ.

ಎರಡು ವರ್ಷ ಕಾದೆ. ಓದು ಮುಗಿಸಿ ಇಲ್ಲಿಗೇ ಬಾ ಎಂದು ಒಂದು ದಿನವೂ ಅವಳಿಗೆ ಹೇಳಲಿಲ್ಲ. ಹೇಳಬೇಕೆಂದೇ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ, ಹಾಸ್ಟೆಲಿನ ಊಟ ಹೇಗಿದೆ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಮೀನು ಜಾಸ್ತಿ ಮೇಡಂ, ಚೆನ್ನಾಗಿದೆ ಎನ್ನುತ್ತಿದ್ದಳು. ದೊಡ್ಡ ಊರಿನ ಆಸ್ಪತ್ರೆಯೊಂದು ಅವಳನ್ನು ಕರೆದಿದೆ ಎಂದು ಬೇರೆಯವರಿಂದ ಗೊತ್ತಾಯಿತು. ಆ ತಿಂಗಳು ನಾನು ಫೋನನ್ನೇ ಮಾಡಲಿಲ್ಲ. ಗಡುವಿಗೆ ಎರಡು ತಿಂಗಳಿದ್ದಾಗ ಸದಾನಂದರು ನನ್ನನ್ನು ಕರೆಸಿ ಒಂದು ಅರ್ಜಿಯನ್ನು ಮುಂದೆ ತಳ್ಳಿದರು. ಈ ಹುಡುಗಿಯನ್ನು ತೆಗೆದುಕೊಂಡರೆ ನಿಮ್ಮ ಮೇಲೆ ಅವಳು ಮುಖ್ಯಸ್ಥೆಯಾಗುತ್ತಾಳೆ, ನಿಮಗೆ ಒಪ್ಪಿಗೆಯೇ ಎಂದು ಸ್ವಲ್ಪ ಅಂಜಿಕೆಯಿಂದಲೇ ಕೇಳಿದರು. ಅರ್ಜಿಯ ಮೇಲೆ ಶಾಹೀನಾಳ ಹೆಸರಿತ್ತು.

ಮಕ್ಕಳೇ, ಅರ್ಜಿಗೆ ಏನು ಬರೆಯಬೇಕು ಎಂದು ನೀವು ಕೇಳುತ್ತೀರಿ. ಅವಳು ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ, ಉಳಿದದ್ದು ನಿಮಗೆ ಬಿಟ್ಟದ್ದು. ನನ್ನ ಮೇಲಧಿಕಾರಿಗಳಿಗೆಲ್ಲ ನನ್ನ ಕೆಲಸ ಏನೆಂದು ವಿವರಿಸಿ ವಿವರಿಸಿ ಮೂವತ್ತು ವರ್ಷ ಕಳೆದಿದ್ದೆ. ಅವಳಿಗೆ ವಿವರಿಸಬೇಕಾಗಿರಲಿಲ್ಲ. ಅವಳು ನನ್ನ ಮೇಜಿನ ಆಚೆ ಕೂತು ಫೈಲುಗಳನ್ನು ತಿರುವಿದಳು. ಸೊಂಟ ಮುರಿದಿದ್ದ ಒಬ್ಬ ಅಜ್ಜಿಯ ಫೈಲಿನಲ್ಲಿ, ಎರಡು ವಾರದಲ್ಲಿ ತಾವೇ ಸೀರೆ ಉಟ್ಟುಕೊಳ್ಳುವುದು ಎಂದು ನಾನು ಗುರಿ ಬರೆದಿದ್ದೆ. ಅಲ್ಲಿ ಬೆರಳಿಟ್ಟಳು.

"ಮೇಡಂ, ಇದು ಅಜ್ಜಿ ಹೇಳಿದ್ದಾ, ನೀವು ಬರೆದಿದ್ದಾ?"

ಕೇಳುವಾಗ ಅವಳಿಗೂ ಸಂಕೋಚವಿತ್ತು, ಕಿವಿ ಕೆಂಪಾಗಿತ್ತು. ಆದರೂ ಬೆರಳು ತೆಗೆಯಲಿಲ್ಲ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎಸ್ ಮೇಡಂ, ಕೇಳಿಕೊಂಡು ಬರುತ್ತೇನೆ ಎಂದು ಫೈಲು ತೆಗೆದುಕೊಂಡು ವಾರ್ಡಿಗೆ ಹೋದೆ.